ಗುರುವಾರ, ಮೂರನೇ ಪಿರಿಯಡ್ಡು, ಕರುಣೆ

ನನಗೆ ಕರುಣೆ ಸ್ವಲ್ಪ ಕಡಿಮೆ. ಮನೆಯವರು ಇದನ್ನು ಎದುರಿಗೇ ಹೇಳುತ್ತಾರೆ, ಶಾಲೆಯ ಮಕ್ಕಳು ಬೆನ್ನ ಹಿಂದೆ ಹೇಳುತ್ತಾರೆ. ಅಂಥ ಟೀಚರನ್ನೇ ಹುಡುಕಿ ಇಲಾಖೆಯವರು ಚಳ್ಳಕೆರೆಗೆ ಕರೆಸಿ, ಮಕ್ಕಳಿಗೆ ಕರುಣೆ ಕಲಿಸಿ, ಜೊತೆಗೆ ಲೋಕದಲ್ಲಿ ಎಲ್ಲವೂ ಒಂದಕ್ಕೊಂದು ಹೇಗೆ ಹೆಣೆದುಕೊಂಡಿದೆ ಎಂಬುದನ್ನೂ ಕಲಿಸಿ ಎಂದು ತರಬೇತಿ ಕೊಟ್ಟು ಕಳಿಸಿದರು. ದೇವಸಮುದ್ರದ ಕಡೆಯ ನಮ್ಮ ಶಾಲೆಯಲ್ಲಿ ಕರುಣೆಗೆ ಜಾಗ ಸಿಕ್ಕಿದ್ದು ಗುರುವಾರ ಮೂರನೇ ಪಿರಿಯಡ್ಡಿನಲ್ಲಿ, ಗಣಿತ ಮುಗಿದ ಮೇಲೆ. ಗಣಿತದ ಮೇಷ್ಟ್ರಿಂದ ಪಾರಾಗಿ ಬಂದ ಮಕ್ಕಳಿಗೆ ಕರುಣೆ ಬೇಕೇ ಬೇಕು ನಿಜ. ಆದರೆ ಪಡೆಯುವುದಕ್ಕೆ, ಕೊಡುವುದಕ್ಕಲ್ಲ. "ಇದಕ್ಕೆ ಎಷ್ಟು ಮಾರ್ಕ್ಸ್ ಮೇಡಂ?" ಎಂದು ಹೆಡ್‌ಮಾಸ್ಟರ್ ಕೇಳಿದರು. ಮಾರ್ಕ್ಸ್ ಇಲ್ಲ ಎಂದೆ. "ಹಂಗಾದ್ರೆ ಯಾರು ಕಲೀತಾರ್ರೀ!" ಎಂದು ನಕ್ಕರು. ನನಗೆ ಹಠ ಬಂತು. ಕರುಣೆ ಕಡಿಮೆಯಾದರೇನು, ಹಠ ಬೇಕಾದಷ್ಟಿದೆ.

ಹಠಕ್ಕೆ ಇನ್ನೊಂದು ಕಾರಣ ಮಾರಕ್ಕ. ಎಂಟನೇ ಕ್ಲಾಸಿನವಳು, ಕುರಿ ಸಾಕುವವರ ಮಗಳು. ಸುಗ್ಗಿ ಮುಗಿದ ಮೇಲೆ ನಮ್ಮ ಕಡೆ ರೈತರು ಖಾಲಿ ಹೊಲದಲ್ಲಿ ರಾತ್ರಿ ಕುರಿಮಂದೆ ನಿಲ್ಲಿಸಿಕೊಳ್ಳುತ್ತಾರೆ. ಹಿಕ್ಕೆ ಬಿದ್ದ ನೆಲ ಮುಂದಿನ ಬೆಳೆಗೆ ಹದವಾಗುತ್ತದೆ. ಆ ದಿನಗಳಲ್ಲಿ ಮಾರಕ್ಕ ಅಪ್ಪ ಅವ್ವನ ಜೊತೆ ಮಂದೆಯ ಮಗ್ಗುಲಲ್ಲೇ ಮಲಗಿ, ಬೆಳಗ್ಗೆ ಅಲ್ಲಿಂದಲೇ ಶಾಲೆಗೆ ಬರುತ್ತಾಳೆ. ವಾಸನೆಯೂ ಅವಳ ಜೊತೆ ಹಾಜರಿ ಹಾಕುತ್ತದೆ. ರೈತರ ಮಗ ತಿಪ್ಪೇಶ ಮೊದಲು ಮೂಗು ಹಿಡಿದ. ಅವನನ್ನು ನೋಡಿ ಅವಳ ಬೆಂಚಿನ ಹುಡುಗಿಯರೆಲ್ಲ ತುದಿಗೆ ಸರಿದರು.

ನಾನು ಬಿಟ್ಟೇನೆಯೇ! ಮೊದಲ ಗುರುವಾರ ಇಡೀ ಪಿರಿಯಡ್ಡು ಕರುಣೆಯ ಮೇಲೆ ಭಾಷಣ ಬಿಗಿದೆ. ಕೊನೆಗೆ ನನ್ನ ಕಣ್ಣೇ ಒದ್ದೆಯಾಯಿತು. ಮರುದಿನವೇ ಫಲ ಸಿಕ್ಕಿತು. ಮಕ್ಕಳು ಮಾರಕ್ಕನಿಗೆ ಬಿಸ್ಕತ್ತು ತಂದರು, ಒಬ್ಬಳು ಸೋಪು ತಂದಳು. ಮಾರಕ್ಕ ಅಷ್ಟನ್ನೂ ನನ್ನ ಮೇಜಿನ ಮೇಲೆ ಸುರಿದಳು. "ನಂಗೇನು ರೋಗ ಬಂದೈತಾ ಮಿಸ್? ನಾಳೆಯಿಂದ ನಾನು ಬರಲ್ಲ. ಕುರಿ ಜೊತೇನೇ ಇರ್ತೀನಿ."

ನಿಘಂಟಿನಲ್ಲಿ ಕರುಣೆ, ಕನಿಕರ, ಮರುಕ ಎಲ್ಲ ಅಕ್ಕಪಕ್ಕದ ಮನೆಯವರು. ಹಿಂದಿನ ಪಂಡಿತರು ದಯೆಗೆ ಬೇಕಾದಷ್ಟು ವ್ಯಾಖ್ಯಾನ ಬರೆದಿಟ್ಟಿದ್ದಾರೆ. ಸೋಪು ಪಡೆದವರ ವ್ಯಾಖ್ಯಾನವನ್ನು ಮಾತ್ರ ಯಾರೂ ಕೇಳಿದಂತಿಲ್ಲ. ಹೊಲಕ್ಕೆ ಹೋದ ಹುಡುಗಿ ಮತ್ತೆ ಶಾಲೆಗೆ ಬರುವುದು ಎಷ್ಟು ಕಷ್ಟವೆಂದು ನನಗೆ ಗೊತ್ತು. ಮುಂದಿನ ಗುರುವಾರದವರೆಗೆ ಕಾಯುವಂತಿರಲಿಲ್ಲ. ಅಂದೇ ಮಧ್ಯಾಹ್ನದ ಆಟದ ಪಿರಿಯಡ್ಡನ್ನು ಮಕ್ಕಳ ಶಾಪದ ಸಮೇತ ಕಿತ್ತುಕೊಂಡೆ.

ಬಿಸಿಯೂಟದ ಜೊತೆ ಕೊಟ್ಟಿದ್ದ ಶೇಂಗಾ ಚಿಕ್ಕಿಯೊಂದನ್ನು ಮೇಜಿನ ಮೇಲಿಟ್ಟು, "ಇದು ಎಲ್ಲಿಂದ ಬಂತು? ಹಿಂದಕ್ಕೆ ಹೋಗ್ತಾ ಹೋಗ್ತಾ ಹೇಳಿ" ಎಂದೆ. ಅವರು ಹೇಳಿದಂತೆ ಬೋರ್ಡಿನ ಮೇಲೆ ಬಾಣ ಎಳೆದೆ. ಚಿಕ್ಕಿಗೆ ಶೇಂಗಾ, ಶೇಂಗಾಕ್ಕೆ ಹೊಲ, ಹೊಲಕ್ಕೆ ಗೊಬ್ಬರ. ಗೊಬ್ಬರ ಎಲ್ಲಿಂದ?

"ಸೊಸೈಟಿಯಿಂದ ಮಿಸ್, ಚೀಲದಾಗೆ" ಎಂದ ತಿಪ್ಪೇಶ.

ಮಾರಕ್ಕ ತಲೆ ಎತ್ತಿದಳು. "ಸುಳ್ಳು ಹೇಳ್ತಾನೆ ಮಿಸ್! ಮೊನ್ನೆಯಿಂದ ಇವರ ಹೊಲದಾಗೇ ನಮ್ ಕುರಿ ನಿಂತಾವೆ. ನಿನ್ನೆ ಇವರವ್ವನೇ ನಮಗೆ ಮುದ್ದೆ ತಂದುಕೊಟ್ಳು."

ತಿಪ್ಪೇಶನ ಮುಖ ಹುಳ್ಳಗಾಯಿತು. ಕ್ಲಾಸು ಗೊಳ್ಳೆಂದಿತು, ಈಗ ಎಲ್ಲರೂ ಅವನನ್ನು ನೋಡಿ ಮೂಗು ಹಿಡಿದರು. ಅಯ್ಯೋ ದೇವರೇ, ಕರುಣೆ ಕಲಿಸಲು ಹೋಗಿ ಅಳುವ ಮಗುವನ್ನು ಬದಲಾಯಿಸಿದ್ದಷ್ಟೇ ಬಂತಲ್ಲ!

ಆಗ ಮಾರಕ್ಕ ಎದ್ದು ಬಂದು ನನ್ನ ಕೈಯಿಂದ ಸೀಮೆಸುಣ್ಣ ಇಸಿದುಕೊಂಡಳು. "ಬಾಣ ಒಂದೇ ಕಡೀಗೆ ಹಾಕಿದೀರ ಮಿಸ್. ಶೇಂಗಾ ಕಿತ್ತ ಮೇಲೆ ಉಳಿದ ಸೊಪ್ಪು ನಮ್ ಕುರಿಗೇ ಬಿಡ್ತಾರೆ ಇವರು. ಇಲ್ದಿದ್ರೆ ಅವು ಏನ್ ತಿನ್ಬೇಕು?" ಎಂದು ಕುರಿ ಅಂತ ಬರೆದು, ಹೊಲದಿಂದ ಕುರಿಗೊಂದು, ಕುರಿಯಿಂದ ಹೊಲಕ್ಕೊಂದು ಬಾಣ ಎಳೆದಳು. ನಗುತ್ತಿದ್ದವರು ಮೂಗಿನಿಂದ ಕೈ ತೆಗೆದರು. ತರಬೇತಿಯಲ್ಲಿ ಕರುಣೆಗೊಂದು, ಲೋಕದ ಹೆಣಿಗೆಗೊಂದು ಬೇರೆ ಬೇರೆ ಪುಸ್ತಕ ಕೊಟ್ಟಿದ್ದರು. ಎರಡೂ ಒಂದೇ ಪಾಠವೆಂದು, ಮೂಗು ಹಿಡಿದವನನ್ನೇ ಅವಳು ಹೀಗೆ ಕಾಪಾಡಿದಾಗ ನನಗೆ ತಿಳಿಯಿತು. ಇನ್ನು ಯಾರು ಕೇಳಿದರೂ ಗುರುವಾರದ ಆ ಪಿರಿಯಡ್ಡನ್ನು ನಾನು ಬಿಟ್ಟುಕೊಡುವವಳಲ್ಲ.

ಗಂಟೆ ಹೊಡೆದ ಮೇಲೆ ತಿಪ್ಪೇಶ ಬಾಗಿಲಲ್ಲಿ ನಿಂತು, ನೆಲ ನೋಡುತ್ತ ಅವಳನ್ನು ಕೇಳಿದ. "ಕೆರೆ ಹಿಂದ್ಲ ಹೊಲಕ್ಕೂ ಬರ್ತೀರೇನು? ನಮ್ಮಪ್ಪ ಕೇಳ್ತಿದ್ದ."

ಮಾರಕ್ಕ ಚೀಲ ಹೆಗಲಿಗೇರಿಸಿ, ದೊಡ್ಡ ಯಜಮಾನಿಯ ಗತ್ತಿನಲ್ಲಿ, "ನಿಮಗಿಂತ ಮುಂಚೆ ಕೇಳಿದೋರು ಅದಾರೆ. ಅಪ್ಪನ್ನ ಕೇಳಿ ನಾಳೆ ಬಂದು ಹೇಳ್ತೀನಿ" ಎಂದಳು.

ನಾಳೆ ಬಂದು ಹೇಳುತ್ತಾಳಂತೆ! ಬೋರ್ಡು ಒರೆಸದೆ ಹಾಗೇ ಬಿಟ್ಟು ನಾನು ಕ್ಲಾಸಿನ ಬಾಗಿಲು ಹಾಕಿದೆ.