‘ನನ್ನದು’ ಎನ್ನಲಾಗದ ಒಲೆ

ಬೆಳಕು ಹರಿಯುವ ಮೊದಲೇ ನಮ್ಮ ದ್ವೀಪದ ಎಯ್ತಾ ಊರಿನ ರಸ್ತೆಬದಿಯಲ್ಲಿ ಹೊಗೆ ಏಳುತ್ತದೆ. ಹಳೆಯ ಎಣ್ಣೆ ಪೀಪಾಯಿಯೊಂದನ್ನು ಅಡ್ಡ ಮಲಗಿಸಿ, ಸುತ್ತ ಹವಳದ ಕಲ್ಲು ಪೇರಿಸಿ ಮಾಡಿದ ಒಲೆ ಅದು. ಅಕಿನೇಸ್ ಅದರ ಮುಂದೆ ಮಂಡಿಯೂರಿ ಕುಳಿತು ಒಣಗಿದ ತೆಂಗಿನ ಸಿಪ್ಪೆಯನ್ನು ಒಳಕ್ಕೆ ತುರುಕುತ್ತಿದ್ದಾರೆ. ಪೀಪಾಯಿಯ ಬೆನ್ನನ್ನು ಉಪ್ಪುಗಾಳಿ ತಿಂದುಹಾಕಿದೆ. ತೂತು ಬಿದ್ದಲ್ಲೆಲ್ಲ ಮಾಂಸದ ಡಬ್ಬಿಯ ತಗಡು ಬಡಿದು ತೇಪೆ ಹಾಕಿದ್ದಾರೆ. ತೇಪೆಯ ಸಂದಿನಿಂದ ಬೆಂಕಿ ಇಣುಕಿದಾಗಲೆಲ್ಲ ಒದ್ದೆ ಗೋಣಿಚೀಲ ಒತ್ತುತ್ತಾರೆ. ಎಡಗೈ ತುಂಬ ಸುಟ್ಟ ಕಲೆಗಳು.

ಮೇಲೆ, ತೆಂಗಿನ ಮರದ ತುದಿಯಲ್ಲಿ ಅವರ ಗಂಡ ಬೌರೋ ನೀರಾ ಇಳಿಸುತ್ತ ಹಾಡುತ್ತಿದ್ದಾರೆ. ಮರ ಹತ್ತಿದ ಗಂಡಸು ಹಾಡಲೇಬೇಕು, ಮೇಲೊಬ್ಬನಿದ್ದಾನೆಂದು ಕೆಳಗಿನವರಿಗೆ ತಿಳಿಯಬೇಕಲ್ಲ. ನಿನ್ನೆ ಇಳಿಸಿದ ನೀರಾ ಈಗ ಹುಳಿ ಬಂದು ಕಳ್ಳಾಗಿದೆ, ಬನ್ನಿನ ಹಿಟ್ಟನ್ನು ಉಬ್ಬಿಸುವುದು ಅದೇ. ‘ಇವರ ರಾಗ ಕೇಳಿದ್ರೇ ಹಿಟ್ಟು ಹುಳಿ ಬರುತ್ತೆ, ಕಳ್ಳೇ ಬೇಕಾಗಿಲ್ಲ,’ ಎನ್ನುತ್ತಾರೆ ಅಕಿನೇಸ್. ಹಾಡು ಒಂದು ಕ್ಷಣ ನಿಲ್ಲುತ್ತದೆ, ಮತ್ತೆ ಇನ್ನೂ ಜೋರಾಗಿ ಶುರುವಾಗುತ್ತದೆ.

ನಾನು ಈ ರಸ್ತೆಯವಳೇ. ಇವರ ಬನ್ನು ತಿಂದ ಮೇಲೇ ನನಗೆ ಬೆಳಗಾಗುವುದು. ಆದರೂ ಪತ್ರಿಕೆಗೆ ಬರೆಯಲು ಕುಳಿತ ಮೇಲೆ ಕೇಳಲೇಬೇಕಾದ ಪ್ರಶ್ನೆಗಳಿರುತ್ತವೆ.

‘ಈ ಒಲೆ ಯಾರದು?’

‘ಮೋಯಾ ದೊಡ್ಡಮ್ಮಂದು.’

‘ಆ ಹಿಟ್ಟು ಕಲಸೋ ಬೋಗುಣಿ?’

‘ಚರ್ಚಿನ ಹೆಂಗಸರ ಸಂಘದ್ದು.’

‘ಮೇಜು?’

‘ಪಕ್ಕದ ಮನೆಯವರದ್ದು. ಹಿಟ್ಟಿನ ಮೂಟೆ ತರೋ ತಳ್ಳುಗಾಡಿ ನನ್ನ ತಂಗೀದು.’

‘ಹಾಗಾದ್ರೆ ನಿಮ್ಮದೇನು?’

ಅಕಿನೇಸ್ ಬೆನ್ನು ಹಿಡಿದುಕೊಂಡು ಮೆಲ್ಲಗೆ ಏಳುತ್ತಾರೆ. ‘ಸೊಂಟನೋವು. ಅದನ್ನ ಇದುವರೆಗೂ ಯಾರೂ ಕೇಳಿಲ್ಲ.’

ಇದರಲ್ಲಿ ಹೆಚ್ಚಿನ ಪಾಲು ಸುಳ್ಳು, ಊರಿಗೆಲ್ಲ ಗೊತ್ತಿರುವ ಸುಳ್ಳು. ಒಲೆ ಕಟ್ಟಿದ್ದು ಅಕಿನೇಸ್, ಬೋಗುಣಿ ಕೊಂಡದ್ದೂ ಅಕಿನೇಸ್. ಆದರೆ ಗೊತ್ತಿರುವುದು ಬೇರೆ, ಬಾಯಿಬಿಟ್ಟು ಹೇಳುವುದು ಬೇರೆ. ‘ನನ್ನದು’ ಎಂದು ಹೇಳಿದ ವಸ್ತುವಿಗೆ ನಮ್ಮ ದ್ವೀಪಗಳಲ್ಲಿ ಬುಬುಸಿ ಬರುತ್ತದೆ. ನೆಂಟನೊಬ್ಬ ಬಂದು ಚಾಪೆಯ ಮೇಲೆ ಕುಳಿತು ಬುಬುಸಿ ಎಂದು ಕೇಳಿದರೆ ಮುಗಿಯಿತು, ಇಲ್ಲವೆನ್ನುವ ಹಾಗಿಲ್ಲ. ಕೊಟ್ಟವನು ಕೋಡಂಗಿ ಎಂಬ ಮಾತು ಇಲ್ಲಿ ನಡೆಯದು. ಇಲ್ಲಿ ಕೊಡದವನೇ ಕೋಡಂಗಿ. ಅವನ ಮಕ್ಕಳೂ ಆ ಹೆಸರು ಹೊತ್ತುಕೊಂಡು ತಿರುಗಬೇಕು.

ಅಕಿನೇಸ್ ಮದುವೆಯಾಗಿ ನೊನೌಸಿ ದ್ವೀಪದಿಂದ ಇಲ್ಲಿಗೆ ಬಂದಾಗ ಜೊತೆಯಲ್ಲಿ ಒಂದು ಹೊಲಿಗೆ ಯಂತ್ರ ತಂದಿದ್ದರು. ನೆರಿಗೆಯ ರವಿಕೆ ಹೊಲಿಯುವುದರಲ್ಲಿ ಕೈ ಪಳಗಿತ್ತು, ಬಾಗಿಲಿಗೆ ಹೆಂಗಸರು ಬರತೊಡಗಿದ್ದರು. ಗಂಡನ ಕಡೆಯ ಅಕ್ಕನೊಬ್ಬಳು ಬಂದು ಮಗಳಿಗೆ ಬೇಕೆಂದು ಕೇಳಿದಳು. ಯಂತ್ರ ಹಡಗು ಹತ್ತಿತು. ‘ನಾನೇ ಎಣ್ಣೆ ಹಾಕಿ, ಬಟ್ಟೆ ಸುತ್ತಿ ಕೊಟ್ಟೆ. ಕೊಡೋವಾಗ ಮುಖ ಗಂಟು ಹಾಕಬಾರದಲ್ಲ,’ ಎಂದು ನೆನೆಯುತ್ತಾರೆ. ಆಮೇಲೆ ಒಂದು ಪುಟ್ಟ ಅಂಗಡಿ ಇಟ್ಟರು. ಅಕ್ಕಿ, ಸಕ್ಕರೆ, ತಂಬಾಕು, ಮೀನಿನ ಗಾಳ. ಗಂಡನ ಮನೆಯಲ್ಲೊಂದು ಸಾವಾಯಿತು. ಮಣ್ಣು ಮುಗಿಸಿ ಬರುವಷ್ಟರಲ್ಲಿ ಅಂಗಡಿಯಲ್ಲಿ ಉಳಿದದ್ದು ಗಾಳ ಮಾತ್ರ.

‘ಯಾರೂ ಕದೀಲಿಲ್ಲ. ಕೇಳಿದ್ರು, ಕೊಟ್ಟೆ. ಅತ್ತುಬಿಡೋಣ ಅಂದ್ರೆ ಹೆಣದ ಮುಂದೆ ಹೇಗೂ ಅಳ್ತಾನೇ ಇದ್ದೆ. ಅದ್ರಲ್ಲೇ ಇದನ್ನೂ ಸೇರಿಸಿ ಅತ್ತೆ.’

ಬುಬುಸಿಯನ್ನು ಬೈಯುವುದು ಸುಲಭ. ನಾನು ಬೈಯಲು ಹೊರಟರೆ ಅಕಿನೇಸ್ ತಡೆಯುತ್ತಾರೆ. ಬಾವಿ ಉಪ್ಪಾದ ವರ್ಷ ಅವರ ಮನೆಗೆ ನೀರು ಬಂದದ್ದು ಬುಬುಸಿಯಿಂದ. ಮೊದಲ ಹೆರಿಗೆಯಲ್ಲಿ ಮೈ ಸೋತು ಮಲಗಿದ್ದಾಗ ಮಗುವಿಗೆ ಹಾಲು ಕೊಟ್ಟವಳು ನೆರೆಮನೆಯ ಹೆಂಗಸು, ಅದೂ ಕೇಳಿ ಪಡೆದದ್ದೇ. ‘ನಾನು ಕೇಳಿ ಉಳಿದೋಳು ಕಣ್ರೀ. ಕೇಳೋರನ್ನ ಹೇಗೆ ಬೈಲಿ? ಸುಸ್ತಾಗುತ್ತೆ ಅಂತ ಹೇಳಬಹುದು, ಅಷ್ಟೇ. ಸುಸ್ತು ಮಾತ್ರ ನಿಜ.’

ಅದಕ್ಕೇ ಒಲೆ ಕಟ್ಟಿದ ದಿನವೇ ಅವರು ಅದನ್ನು ತಮ್ಮ ತಾಯಿಯ ಅಕ್ಕ ಮೋಯಾ ಅವರಿಗೆ ಕೊಟ್ಟುಬಿಟ್ಟರು. ಮೋಯಾ ತವರಿನ ಕಡೆಯ ಮುದುಕಿ. ಗಂಡನ ಕಡೆಯವರಿಗೆ ಆಕೆಯ ಮೇಲೆ ಯಾವ ಹಕ್ಕೂ ಇಲ್ಲ, ಕೇಳುವಂತಿಲ್ಲ. ಯಾರಾದರೂ ಕೇಳಿದರೆ ಏನು ಹೇಳಬೇಕೆಂದು ಆಕೆಗೆ ಕಲಿಸಿಟ್ಟಿದ್ದಾರೆ. ಕಿವಿ ಮಂದವಾದರೂ ಆ ಒಂದು ಪಾಠವನ್ನು ದೊಡ್ಡಮ್ಮ ಮರೆತಿಲ್ಲ.

ಏನೂ ಇಲ್ಲದವಳಾಗಿ ಅಕಿನೇಸ್ ಇಷ್ಟು ವರ್ಷ ವ್ಯಾಪಾರ ನಡೆಸಿದ್ದಾರೆ. ಶಾಲೆಯ ಮಕ್ಕಳು, ಬೇಷೋ ಬಂದರಿಗೆ ಹೋಗುವ ಕೂಲಿಗಳು, ಮೀನು ಮಾರುವ ಹೆಂಗಸರು, ಎಲ್ಲರ ಕೈಯಲ್ಲೂ ಇವರ ಬನ್ನು. ನೀರಾ ಕಾಯಿಸಿದ ಜೋನಿಬೆಲ್ಲ ಸವರಿ ಕೊಟ್ಟರಂತೂ ಬಸ್ಸಿನವನು ಪ್ರಯಾಣಿಕರನ್ನು ಕಾಯಿಸಿ ಇಳಿದು ಬರುತ್ತಾನೆ. ಬನ್ನು ಮುಗಿದ ಮೇಲೆ ಸಾಗರದ ಕಡೆಯ ದಂಡೆಗೆ ಹೋಗಿ ಸಿಪ್ಪೆ ಆಯಬೇಕು, ದೊಡ್ಡಮ್ಮನಿಗೆ ಸ್ನಾನ ಮಾಡಿಸಬೇಕು, ನೀರು ಹೊರಬೇಕು. ಸಂಜೆ ಮತ್ತೆ ಹಿಟ್ಟು. ನಡುವೆ ಊರಿನ ಮನೆಯಾಬಾದಲ್ಲಿ ಸಭೆಯಿದ್ದರೆ, ಆ ದೊಡ್ಡ ಸೂರಿನಡಿ ಕಾಲು ಮಡಿಚಿ ಕುಳಿತ ಹಿರಿಯರಿಗೆಲ್ಲ ಬನ್ನು ಹೋಗಬೇಕು. ಅದಕ್ಕೆ ಯಾರೂ ಬೆಲೆ ಕಟ್ಟುವುದಿಲ್ಲ.

ಒಮ್ಮೆ ಹೋಟೆಲೊಂದರಲ್ಲಿ ಮಹಿಳಾ ಉದ್ಯಮಿಗಳಿಗೆಂದು ತರಬೇತಿ ನಡೆಯಿತು. ನಿಮ್ಮ ಹೆಸರಿನ ಫಲಕ ಹಾಕಿ ಎಂದು ಕಲಿಸಿದರು. ಅಕಿನೇಸ್ ಫಲಕ ಬರೆದು ತಂದರು, ಚೆನ್ನಾಗಿಯೇ ಬರೆದಿದ್ದರು. ಈಗ ಅದು ಕೋಳಿಗೂಡಿನ ಬಾಗಿಲಾಗಿದೆ, ಹೆಸರು ಒಳಮುಖವಾಗಿದೆ.

ಎಲ್ಲ ಹೀಗೆಯೇ ಸಾಗುತ್ತಿತ್ತೇನೋ. ಆದರೆ ಪೀಪಾಯಿ ಸಾಯುತ್ತಿದೆ. ತೇಪೆಯ ಮೇಲೆ ತೇಪೆ ನಿಲ್ಲುತ್ತಿಲ್ಲ. ಒಂದು ಕಡೆ ಬನ್ನು ಕರಿದಾದರೆ ಇನ್ನೊಂದು ಕಡೆ ಹಸಿಯಾಗಿಯೇ ಉಳಿಯುತ್ತದೆ. ಬೇಷೋದಲ್ಲಿ ಬೆಸುಗೆಯವನೊಬ್ಬ ತುಕ್ಕು ಹಿಡಿಯದ ಉಕ್ಕಿನ ಒಲೆ ಮಾಡಿಕೊಡುತ್ತಾನೆ. ಅದಕ್ಕೆ ಸಾಲ ಬೇಕು. ಸಾಲದ ಕಚೇರಿ ಕೇಳುವುದು ಒಂದೇ ಮಾತು: ಈ ವ್ಯಾಪಾರ ನಿನ್ನದು ಎಂದು ಮನೆಯವರ ಎದುರಿಗೆ ಹೇಳು. ಹೇಳದಿದ್ದರೆ ಸಾಲವಿಲ್ಲ, ಹೇಳಿದರೆ ಒಲೆಯಿಲ್ಲ. ಅತ್ತ ದರಿ, ಇತ್ತ ಪುಲಿ. ಒಲೆ ಸತ್ತರೆ ಈ ವಯಸ್ಸಿಗೆ ಇನ್ನೊಂದನ್ನು ಮೊದಲಿನಿಂದ ಶುರುಮಾಡುವ ಶಕ್ತಿ ತಮಗಿಲ್ಲವೆಂದು ಅಕಿನೇಸ್ ನನ್ನ ಬಳಿ ಎರಡು ಸಲ ಹೇಳಿದ್ದಾರೆ.

ಕಚೇರಿಯಿಂದ ರಾಕೇರಾ ಎಂಬ ಹುಡುಗಿ ಬರುವ ಮಧ್ಯಾಹ್ನ ನಾನೂ ಅಕಿನೇಸ್ ಮನೆಯಂಗಳದಲ್ಲೇ ಇದ್ದೇನೆ. ಬೌರೋ ಮೂಲೆಯಲ್ಲಿ ಬಲೆ ಹೊಲಿಯುತ್ತ ತಲೆ ತಗ್ಗಿಸಿ ಕುಳಿತಿದ್ದಾರೆ. ಅಣ್ಣತಮ್ಮಂದಿರ ಎದುರು ಹೆಂಡತಿಯ ಪರ ಬಾಯಿ ಬಿಡಲು ಅವರಿಗೆ ಧೈರ್ಯವಿಲ್ಲ, ಅದನ್ನು ಅವರೇ ಒಪ್ಪುತ್ತಾರೆ. ಸುದ್ದಿ ಮೂಗಿಗೆ ಬಡಿದಂತೆ ಬೌರೋನ ತಮ್ಮ ಉರಿಯಾಮ್ ಹಾಜರು. ಮೈದುನ ಅತ್ತಿಗೆಯನ್ನು ಎಷ್ಟು ಬೇಕಾದರೂ ಗೇಲಿ ಮಾಡಬಹುದು, ಅದು ಅವನ ಹಕ್ಕು. ಉರಿಯಾಮ್ ಆ ಹಕ್ಕನ್ನು ಒಂದು ಬೆಳಗ್ಗೆಯೂ ವ್ಯರ್ಥ ಮಾಡಿದವನಲ್ಲ.

‘ಏನತ್ತಿಗೆ, ಇವತ್ತು ರವಿಕೆ ಹೊಸದು! ಅಣ್ಣನ್ನ ಬಿಟ್ಟು ಓಡಿಹೋಗ್ತಿದೀರಾ?’

‘ಓಡೋಕೆ ಜಾಗ ಎಲ್ಲಿದೆಯಪ್ಪ? ಆ ಕಡೆ ಸಮುದ್ರ, ಈ ಕಡೆ ನೀನು.’

‘ಮಗಳ ಮೊದಲನೇ ಹುಟ್ಟುಹಬ್ಬ ಬರ್ತಿದೆ ಅತ್ತಿಗೆ. ಊರಿಗೇ ಊಟ. ಒಂದು ಒಲೆ ಇದ್ದಿದ್ರೆ ಚೆನ್ನಾಗಿತ್ತು ಅಂತ ನನ್ನ ಹೆಂಡತಿ ದಿನಾ ಅಂತಾಳೆ.’ ನಗುತ್ತಲೇ ಹೇಳುತ್ತಾನೆ, ಕಣ್ಣು ಮಾತ್ರ ಒಲೆಯ ಮೇಲಿದೆ.

ರಾಕೇರಾ ಚಾಪೆಯ ಅಂಚಿನಲ್ಲಿ ಕುಳಿತು ಮೆಲ್ಲಗೆ ಕೇಳುತ್ತಾಳೆ. ಅವಳೂ ಈ ಮಣ್ಣಿನ ಮಗಳೇ, ತಾನು ಏನು ಕೇಳುತ್ತಿದ್ದೇನೆಂದು ಅವಳಿಗೆ ಗೊತ್ತು. ‘ಅಕ್ಕಾ, ಕೇಳಲೇಬೇಕು, ಬೇಜಾರು ಮಾಡ್ಕೋಬೇಡಿ. ಈ ಒಲೆ ಯಾರದು?’

ಅಕಿನೇಸ್ ಬಾಯಿ ತೆರೆಯುವ ಮೊದಲೇ ತೆಂಗಿನ ಗರಿ ಹೊದಿಸಿದ ಅಟ್ಟಣೆಯ ಮೇಲಿಂದ ಮೋಯಾ ದೊಡ್ಡಮ್ಮ ತನ್ನ ಪಾಠ ಒಪ್ಪಿಸುತ್ತಾರೆ: ‘ನಂದು! ಒಲೆ ನಂದೇ! ಯಾರು ಕೇಳಿದ್ದು?’

ಉರಿಯಾಮ್ ಹೊಟ್ಟೆ ಹಿಡಿದು ನಗುತ್ತಾನೆ. ‘ಹಾಗಾದ್ರೆ ಸಾಲಾನೂ ಅಜ್ಜಿಗೇ ಕೊಟ್ಬಿಡಮ್ಮ. ನೂರು ವರ್ಷ ಬಿಟ್ಟು ತೀರಿಸ್ತಾರೆ.’

ರಾಕೇರಾ ನಗುವುದಿಲ್ಲ. ‘ಹಾಗಂತ ಬರ್ಕೊಂಡು ಹೋದ್ರೆ ನನ್ನ ಕೈಯಲ್ಲಿ ಏನೂ ಆಗಲ್ಲ ಅಕ್ಕಾ.’

ಅಕಿನೇಸ್ ಏಳುತ್ತಾರೆ. ಹೊಸ ರವಿಕೆ ಸರಿಪಡಿಸಿಕೊಂಡು, ಮೈದುನನ ಎದುರಿಗೆ ಹೋಗಿ, ಅವನಿಗಿಂತ ತಗ್ಗಿನಲ್ಲಿ ಬರಿಯ ಮರಳಿನ ಮೇಲೆ ಕಾಲು ಮಡಿಚಿ ಕೂರುತ್ತಾರೆ. ತಲೆ ಬಾಗಿದೆ. ಹಾಗೆ ಕುಳಿತರೆ ಅದಕ್ಕೆ ಒಂದೇ ಅರ್ಥ. ಉರಿಯಾಮ್‌ನ ನಗು ಅರ್ಧಕ್ಕೇ ನಿಲ್ಲುತ್ತದೆ.

‘ಉರಿಯಾಮ್, ಬುಬುಸಿ.’

‘ನನ್ನತ್ರ ಏನಿದೆ ಅತ್ತಿಗೆ? ಹಳೇ ದೋಣಿ ಇದೆ, ಅದೂ ಸೋರುತ್ತೆ.’

‘ದೋಣಿ ಬೇಡ. ಈ ಒಲೆ ಮೇಲೆ ನಿನಗೊಂದು ಬುಬುಸಿ ಇದೆಯಲ್ಲ, ಅದನ್ನ ನನಗೆ ಕೊಟ್ಬಿಡು. ಹಳೇ ಒಲೆ ಮೇಲಿಂದು, ಬರೋ ಒಲೆ ಮೇಲಿಂದೂ. ನೀನು ಅದನ್ನ ಯಾವತ್ತೂ ಕೇಳಬಾರದು. ನಾನು ಕೇಳ್ತಿರೋದು ಅದು.’

ಕೇಳುವ ಹಕ್ಕನ್ನೇ ಕೇಳಿ ಪಡೆಯುವುದನ್ನು ನಾನಂತೂ ಹಿಂದೆ ಕಂಡಿರಲಿಲ್ಲ. ಉರಿಯಾಮ್ ಅಣ್ಣನ ಮುಖ ನೋಡುತ್ತಾನೆ. ಬೌರೋನ ಸೂಜಿ ನಿಂತಿದೆ, ತಲೆ ಎತ್ತುವುದಿಲ್ಲ. ಇಲ್ಲವೆಂದರೆ ಅಧಿಕಾರಿಯ ಎದುರು, ಮುದುಕಿಯ ಎದುರು, ಪತ್ರಿಕೆಯವಳ ಎದುರು ಇಲ್ಲವೆಂದ ಮನುಷ್ಯನಾಗುತ್ತಾನೆ. ಅವನ ಕುತ್ತಿಗೆ ಕೆಂಪಾಗುತ್ತದೆ.

‘ಕೊಟ್ಟೆ,’ ಎನ್ನುತ್ತಾನೆ.

ಅಕಿನೇಸ್ ಮರಳಿನ ಮೇಲೆ ಕುಳಿತಲ್ಲೇ ರಾಕೇರಾಳ ಕಡೆ ತಿರುಗುತ್ತಾರೆ. ‘ಒಲೆ ನನ್ನದು.’

‘ಅಯ್ಯೋ, ನಂದಲ್ವೇನೇ?’ ಎಂದು ದೊಡ್ಡಮ್ಮ ಗಾಬರಿಯಾಗುತ್ತಾರೆ. ಆಕೆಗೆ ಸಮಾಧಾನ ಹೇಳಲು ಒಂದು ಬನ್ನು ಬೇಕಾಗುತ್ತದೆ.

ಹೊರಡುವಾಗ ಉರಿಯಾಮ್ ಅಂಗಳದಂಚಿನಲ್ಲಿ ನಿಂತು ಅನ್ನುತ್ತಾನೆ: ‘ನಾನೊಬ್ಬ ಕೊಟ್ಟೆ ಅತ್ತಿಗೆ. ನಮ್ಮ ಕಡೆ ಇನ್ನೂ ಎಷ್ಟು ಜನ ಇದಾರೆ, ಗೊತ್ತಲ್ಲ?’ ಆಮೇಲೆ, ಚಾಪೆಯ ಮೇಲೆ ಕೂರದೆಯೇ, ಹುಟ್ಟುಹಬ್ಬದ ಬನ್ನನ್ನೆಲ್ಲ ಬುಬುಸಿ ಕೇಳುತ್ತಾನೆ. ಅಕಿನೇಸ್ ಆಗಲಿ ಎನ್ನುತ್ತಾರೆ. ಕೇಳಿದವರ ಮನೆಗೂ ಕೇಳುವವರು ಬರುತ್ತಾರೆಂದು ಅವರಿಗೆ ತಿಳಿಯದ್ದೇನಲ್ಲ.

ಸಾಲ ಮಂಜೂರಾಗಿದೆ. ಬೇಷೋದಲ್ಲಿ ಒಲೆಯ ಬೆಸುಗೆ ನಡೆಯುತ್ತಿದೆ. ಅಕಿನೇಸ್ ಈಗ ಮಧ್ಯಾಹ್ನದ ನಿದ್ದೆಯನ್ನೂ ಬಿಟ್ಟಿದ್ದಾರೆ. ಗಂಡನ ಕಡೆಯ ಒಂದೊಂದೇ ಮನೆಗೆ ನಡೆದು ಹೋಗಿ, ಒಂದೊಂದೇ ಚಾಪೆಯ ಮುಂದೆ ಕಾಲು ಮಡಿಚಿ, ಅದೇ ಮಾತು ಕೇಳಿ ಬರುತ್ತಾರೆ. ಕೆಲವರು ನಗುತ್ತಾರೆ, ಕೆಲವರು ಮುಖ ತಿರುಗಿಸಿ ಕೊಡುತ್ತಾರೆ. ಪ್ರತಿಯೊಬ್ಬರೂ ಪ್ರತಿಯಾಗಿ ಏನಾದರೊಂದು ಕೇಳುತ್ತಾರೆ: ಒಬ್ಬರಿಗೆ ಯಂತ್ರವಿಲ್ಲದೆ ಕೈಯಲ್ಲೇ ರವಿಕೆ ಹೊಲಿದುಕೊಡಬೇಕು, ಇನ್ನೊಬ್ಬರಿಗೆ ಭಾನುವಾರದ ಬನ್ನು. ಮೀನು ಮಾರುವ ಹೆಂಗಸೊಬ್ಬಳು ಮಂಜುಗಡ್ಡೆ ಪೆಟ್ಟಿಗೆ ಕೊಳ್ಳುವವಳಿದ್ದಾಳೆ. ಹೇಗೆ ಕೂರಬೇಕು, ಹೇಗೆ ಕೇಳಬೇಕು ಎಂದು ಅಕಿನೇಸ್ ಬಳಿ ಬಂದು ವಿಚಾರಿಸಿಕೊಂಡು ಹೋದಳಂತೆ. ‘ಮೊದಲು ಸೊಂಟಕ್ಕೆ ಎಣ್ಣೆ ಹಚ್ಕೋ ಅಂತ ಹೇಳಿ ಕಳ್ಸಿದೆ,’ ಎನ್ನುತ್ತಾರೆ.

ಉರಿಯಾಮ್ ಈಗಲೂ ಬೆಳಗ್ಗೆ ಬರುತ್ತಾನೆ. ‘ಬನ್ನು ಕೊಡಿ’ ಎನ್ನುತ್ತಾನೆ, ದುಡ್ಡು ಮೇಜಿನ ಮೇಲಿಟ್ಟು ಹೋಗುತ್ತಾನೆ. ಗೇಲಿಯಿಲ್ಲ, ಅತ್ತಿಗೆ ಎಂಬ ಮಾತೂ ಇಲ್ಲ. ಅವನು ರಸ್ತೆ ದಾಟುವವರೆಗೂ ಅಕಿನೇಸ್ ನೋಡುತ್ತ ನಿಲ್ಲುತ್ತಾರೆ. ‘ದುಡ್ಡು ಕೊಟ್ಟು ಕೊಂಡು ಹೋಗಲಿ ಅಂತ ತಾನೇ ನಾನು ಇಷ್ಟೆಲ್ಲ ಮಾಡಿದ್ದು? ಕೊಂಡು ಹೋಗ್ತಾನೆ. ಬೆಳಗ್ಗೆ ಬೆಳಗ್ಗೆ ನಗಿಸೋನೊಬ್ಬ ಇದ್ದ, ಅವನು ಹೋದ.’

ಮಾತು ಬದಲಿಸಲೆಂದು, ಮೊದಲ ದಿನ ಕೇಳಿದ್ದನ್ನೇ ಮತ್ತೆ ಕೇಳುತ್ತೇನೆ. ‘ಅಕಿನೇಸ್, ಒಲೆ ಯಾರದು?’

ಅವರು ರಸ್ತೆಯ ಆ ತುದಿ ನೋಡುತ್ತಾರೆ, ಈ ತುದಿ ನೋಡುತ್ತಾರೆ. ಮರದ ಮೇಲೆ ಬೌರೋನ ಹಾಡು ನಡೆದೇ ಇದೆ. ಹಿಟ್ಟು ಮೆತ್ತಿದ ಕೈಯನ್ನು ಬಿಸಿ ತಗಡಿನ ಪಕ್ಕಕ್ಕೆ ಹಿಡಿದು, ‘ನನ್ನದು,’ ಎನ್ನುತ್ತಾರೆ.

‘ಕೇಳಿಸ್ಲಿಲ್ಲ.’

‘ಜೋರಾಗಿ ಹೇಳಿಸ್ಬೇಡಿ ಮಾರಾಯ್ತಿ. ಇನ್ನೂ ಮೂರು ಮನೆ ಬಾಕಿ ಇದೆ.’