ಮಾರುತಿಯ ಮೊಣಕಾಲಿಗೆ ನೀರು

ನೆತ್ತಿ ಸುಡುವ ಬಿಸಿಲು. ಆಕಾಶದಲ್ಲಿ ಹತ್ತಿಯ ಎಳೆಯಷ್ಟೂ ಮೋಡವಿಲ್ಲ. ಅಂಥ ಮಧ್ಯಾಹ್ನ ನಾಸಿಕದ ಗೋದಾವರಿ ಘಾಟಿನಲ್ಲಿ ಹೂ ಮಾರುವ ಹೆಂಗಸರು ಬುಟ್ಟಿ, ಚಾಪೆ, ಪೆಟ್ಟಿಗೆಗಳನ್ನೆಲ್ಲ ಹೊತ್ತು ಮೆಟ್ಟಿಲು ಹತ್ತಿ ಓಡುತ್ತಿದ್ದರು. ನಾನು ಈ ಊರಿಗೆ ಬಂದು ತಿಂಗಳೂ ಆಗಿರಲಿಲ್ಲ. ಒಬ್ಬಳನ್ನು ನಿಲ್ಲಿಸಿ ಏನೆಂದು ಕೇಳಿದೆ. "ತಾಈ, ಪಾಣೀ ಯೇತಂಯ್," ಎಂದಳು. ಅಕ್ಕಾ, ನೀರು ಬರುತ್ತಿದೆ. ನಾನು ಕತ್ತೆತ್ತಿ ಆಕಾಶ ನೋಡಿದೆ. ಅವಳು ನನ್ನ ಮುಖ ನೋಡಿ ನಕ್ಕಳು.

ನಾನು ಬೀದರಿನವಳು. ನಮ್ಮಲ್ಲಿ ಮಳೆ ಬರುವುದಾದರೆ ಮೊದಲು ಕಪ್ಪಾಗುತ್ತದೆ, ಗಾಳಿ ಏಳುತ್ತದೆ, ಹಪ್ಪಳ ಒಳಗೆ ತರಲು ಹೊತ್ತು ಸಿಗುತ್ತದೆ. ಇಲ್ಲಿ ಮಳೆ ಸುರಿಯುವುದು ದೂರದ ಇಗತಪುರಿ, ತ್ರ್ಯಂಬಕದ ಬೆಟ್ಟಗಳಲ್ಲಿ. ಅಣೆಕಟ್ಟು ತುಂಬುತ್ತದೆ, ಬಾಗಿಲು ತೆರೆಯುತ್ತಾರೆ, ಬಿಸಿಲಿನಲ್ಲಿ ಬಟ್ಟೆ ಒಣಗುತ್ತಿರುವ ಊರಿಗೆ ಪ್ರವಾಹ ಬರುತ್ತದೆ. ಎಷ್ಟು ಬಂತೆಂದು ತಿಳಿಯಲು ಊರಿಗೆಲ್ಲ ಒಂದೇ ಅಳತೆ: ಘಾಟಿನಲ್ಲಿ ನಿಂತಿರುವ, ಎರಡು ಮುಖಗಳುಳ್ಳ ಮಾರುತಿಯ ಎತ್ತರದ ವಿಗ್ರಹ. ಹಾಲಿನವನಿಂದ ಹಿಡಿದು ನನ್ನ ಗಂಡನ ಬ್ಯಾಂಕಿನ ಮ್ಯಾನೇಜರ್‌ವರೆಗೆ ಎಲ್ಲರೂ ಕೇಳುವುದು, ನೀರು ಮಾರುತಿಗೆ ಎಲ್ಲಿಯವರೆಗೆ ಬಂತು ಎಂದು. ಮೊಣಕಾಲು, ಸೊಂಟ, ಎದೆ, ಕೊರಳು.

ಇದಕ್ಕೂ ಮೊದಲು ಗಂಡನ ವರ್ಗಾವಣೆಯ ದೆಸೆಯಿಂದ ನಾವು ಸಂಭಾಜಿನಗರದಲ್ಲಿದ್ದೆವು. ಅಲ್ಲಿ ನಳದಲ್ಲಿ ನೀರು ಬರುವ ದಿನವೆಂದರೆ ಹಬ್ಬ. ಬಾಡಿಗೆ ಮನೆ ಹುಡುಕುವಾಗ ಗಾಳಿ ಬೆಳಕು ಯಾರಿಗೆ ಬೇಕು, ತೊಟ್ಟಿ ಎಷ್ಟು ದೊಡ್ಡದು ಎಂದೇ ಕೇಳಬೇಕು. ನಮ್ಮ ರೊಟ್ಟಿ ಅಲ್ಲಿ ಭಾಕರಿಯಾಗಿತ್ತು, ರುಚಿ ಅದೇ. ಆದರೂ ಮೊದಲ ವರ್ಷ ಸಂಜೆಯಾದರೆ ಮಾತಾಡುವವರಿಲ್ಲದೆ ಗೋಡೆ ನೋಡುತ್ತ ಕೂರುತ್ತಿದ್ದೆ. ಕೈ ಹಿಡಿದವಳು ಪಕ್ಕದ ಮನೆಯ ಮಾವಶಿ, ಅಂದರೆ ಚಿಕ್ಕಮ್ಮ. ಟ್ಯಾಂಕರ್‌ನವನ ಜತೆ ಮರಾಠಿಯಲ್ಲಿ ಜಗಳವಾಡುವುದನ್ನು ಕಲಿಸಿದವಳು ಅವಳೇ. ಮೊದಲ ಜಗಳ ಗೆದ್ದ ದಿನ ಶೀರಾ ಮಾಡಿ ತಂದಿದ್ದಳು.

ಬೇಸರ ಕಳೆಯಲು ಹಿಡಿದ ಕೆಲಸ ಪ್ರವಾಸ ಕೈಪಿಡಿ ಬರೆಯುವುದು. ಕಲಬುರಗಿಯ ಪ್ರವಾಸ ಸಂಸ್ಥೆಯೊಂದು ತನ್ನ ಯಾತ್ರಿಕರಿಗೆ ಕೊಡುವ ಪುಟ್ಟ ಪುಸ್ತಕಗಳು ಅವು. ಸಿಂಗಾಪುರ, ದುಬೈ, ಸ್ವಿಟ್ಜರ್ಲೆಂಡ್ ಮೂರನ್ನೂ ನೋಡದೆ, ಅಡುಗೆಮನೆಯ ಮೇಜಿನ ಮೇಲೆ ಬರೆದು ಮುಗಿಸಿದ್ದೆ. ನೋಡದ ದೇಶದ ಬಗ್ಗೆ ಬರೆಯುವುದು ಸುಲಭ. ಎಲ್ಲ ಊರೂ ಸುಂದರ, ಎಲ್ಲ ರಸ್ತೆಯೂ ಸ್ವಚ್ಛ. ನಾಸಿಕಕ್ಕೆ ಬಂದು ವರ್ಷವಾದ ಮೇಲೆ ನಾಸಿಕದ ಕೈಪಿಡಿಯನ್ನೇ ಕೇಳಿದರು. ಕಣ್ಣಾರೆ ಕಂಡು ಬರೆದ ನನ್ನ ಮೊದಲ ಪುಸ್ತಕ. ಘಾಟಿನ ಸಂಜೆಯ ಆರತಿಯನ್ನು ಕೆಳಗಿನ ಮೆಟ್ಟಿಲ ಮೇಲೆ ಕೂತು ನೋಡಿ ಎಂದು ಬರೆದು, ಮಳೆಗಾಲದಲ್ಲಿ ಮಾತ್ರ ಬಿಸಿಲಿದ್ದರೂ ಅಲ್ಲಿಗೆ ಇಳಿಯಬೇಡಿ, ಮೊದಲು ಮಾರುತಿಯನ್ನು ನೋಡಿ ಎಂದು ಸೇರಿಸಿದ್ದೆ.

ಸಂಸ್ಥೆಯ ಮಾಲೀಕರು ಫೋನ್ ಮಾಡಿದರು. "ಅಕ್ಕಾವ್ರ, ಮಂದಿ ಖುಷಿಲೆ ಹೊಂಟಿರ್ತಾರ್ರಿ. ಅಂಜಸೂ ಮಾತ್ಯಾಕ ಬೇಕ್ರಿ?" ನಾನು ಎಷ್ಟು ಹೇಳಿದರೂ ಕೇಳಲಿಲ್ಲ. ಎಚ್ಚರಿಕೆ ಹೋಯಿತು, ಆರತಿ ಉಳಿಯಿತು. ರಕ್ಷಾಪುಟದ ಮೇಲೆ ನನ್ನ ಹೆಸರು ದಪ್ಪಕ್ಷರದಲ್ಲಿ ಬಂತು.

ಆ ಶ್ರಾವಣದಲ್ಲಿ ಅದೇ ಸಂಸ್ಥೆಯ ಬಸ್ಸಿನಲ್ಲಿ ಬೀದರಿನ ನನ್ನ ಅಣ್ಣ ಮತ್ತು ಅತ್ತಿಗೆ, ನಮ್ಮ ಮಾತಿನಲ್ಲಿ ವೈನಿ, ಬಂದರು. ಅಣ್ಣನದು ಬಟ್ಟೆ ಅಂಗಡಿ. ಅಚ್ಚಾದದ್ದೆಲ್ಲ ಅವನಿಗೆ ವೇದ, ಅದರಲ್ಲೂ ತಂಗಿ ಬರೆದದ್ದು. ಮಧ್ಯಾಹ್ನ ಘಾಟು, ರಾತ್ರಿ ನಮ್ಮಲ್ಲಿ ಊಟ ಎಂದು ಮಾತಾಗಿತ್ತು. ಹೋಳಿಗೆಗೆ ಹೂರಣ ರುಬ್ಬುತ್ತಿದ್ದಾಗ ಸಂಭಾಜಿನಗರದ ಮಾವಶಿಯ ಫೋನ್. ದನಿಯಲ್ಲಿ ಸಡಗರ.

"ಟೀವ್ಹೀ ಬಘಿತಲಾ ಕಾ? ಧರಣ ಸೋಡಲಂ! ಆತಾ ಜಾಯಕವಾಡಿ ಭರಣಾರ!"

ಅಣೆಕಟ್ಟಿನ ನೀರು ಬಿಟ್ಟಿದ್ದಾರೆ. ನಾಸಿಕವನ್ನು ದಾಟಿದ ಆ ನೀರು ಮುಂದೆ ಜಾಯಕವಾಡಿ ಜಲಾಶಯ ಸೇರುತ್ತದೆ. ಸಂಭಾಜಿನಗರ ಕುಡಿಯುವುದು ಅದನ್ನೇ. ಅಲ್ಲಿದ್ದಾಗ ಈ ಸುದ್ದಿಗೆ ನಾನೂ ಅವಳ ಜತೆ ಚಪ್ಪಾಳೆ ತಟ್ಟಿದ್ದೆ. ಈಗ ಅವಳ ಮಾತು ಮುಗಿಯುವ ಮೊದಲೇ ಅಣ್ಣನಿಗೆ ಫೋನ್ ಹಚ್ಚಿದೆ. ಅಣ್ಣ ಫೋನ್ ಎತ್ತಲಿಲ್ಲ. ವೈನಿಯೂ ಎತ್ತಲಿಲ್ಲ. ಹೂರಣ ಹಾಗೇ ಬಿಟ್ಟು ರಿಕ್ಷಾ ಹಿಡಿದೆ. ದಾರಿಯುದ್ದಕ್ಕೂ ಸುಡು ಬಿಸಿಲು.

ಘಾಟಿನಲ್ಲಿ ಹೂವಿನವರ ಸಾಲು ಖಾಲಿಯಾಗಿತ್ತು. ಧ್ವನಿವರ್ಧಕ ಗರಗರ ಮರಾಠಿಯಲ್ಲಿ ಏನೋ ಕೂಗುತ್ತಿತ್ತು. ನಮ್ಮವರು ಅದನ್ನು ಆರತಿಯ ಪ್ರಕಟಣೆ ಎಂದುಕೊಂಡು, ಜಾಗ ಹಿಡಿಯಲು ಇನ್ನೂ ಕೆಳಗಿಳಿದು ಕೂತಿದ್ದರು. ಅಣ್ಣ ಕಾಲು ನೀರಿಗೆ ಬಿಟ್ಟು ನನ್ನ ಪುಸ್ತಕವನ್ನು ಎಲ್ಲರಿಗೂ ಓದಿ ಹೇಳುತ್ತಿದ್ದ. ನೀರು ಕೆಂಪಗೆ, ಸದ್ದಿಲ್ಲದೆ ಹರಿಯುತ್ತಿತ್ತು.

"ಅಣ್ಣಾ, ಮ್ಯಾಲ ಬರ್ರಿ! ವೈನಿ, ಏಳ್ರಿ!"

"ಯಾಕವಾ? ಬಿಸಲು ನೋಡು, ತಲಿ ಸುಡ್ಲಿಕತ್ತದ." ಪುಟದ ಮೇಲೆ ಬೆರಳಿಟ್ಟು ತೋರಿಸಿದ. "ಕೆಳಗಿನ ಮೆಟ್ಲ ಮ್ಯಾಲ ಕೂಡ್ರಿ ಅಂತ ನೀನೇ ಬರದೀದಿ."

"ಬರದಾಕಿನೂ ನಾನೇ, ಏಳ್ರಿ ಅನ್ನಾಕಿನೂ ನಾನೇ. ನೀರು ಬರ್ಲಿಕತ್ತದ!"

"ಎಲ್ಲಿಂದ ಬರ್ತದ? ಒಂದು ಮೋಡಿಲ್ಲ," ಎಂದು ನಕ್ಕ. ಉಳಿದವರೂ ನಕ್ಕರು. ಮೇಲಿನಿಂದ ಹೂವಿನವಳೊಬ್ಬಳು ಕಿರುಚಿದಳು, "ಮಾರುತೀಚ್ಯಾ ಗುಡಘ್ಯಾಪರ್ಯಂತ ಆಲಂ!" ಮೊಣಕಾಲು ಮುಟ್ಟಿತು. ಅಣ್ಣ ಗಾಬರಿಯಿಲ್ಲದೆ ಪುಟ ತಿರುವಿದ. "ಯಾವ ಮಾರುತಿ? ಇದರಾಗ ಇಲ್ಲಲ್ಲ."

ಆಗ ವೈನಿ, "ಏನ್ರೀ, ನಿಮ್ಮ ಚಪ್ಪಲಿ?" ಎಂದಳು. ಬದಿಯ ಮೆಟ್ಟಿಲ ಮೇಲೆ ಬಿಟ್ಟಿದ್ದ ಚಪ್ಪಲಿ ಇರಲಿಲ್ಲ. ಮೆಟ್ಟಿಲೂ ಇರಲಿಲ್ಲ. ಅಣ್ಣ ನೋಡುತ್ತ ಕೂತ. ನೀರು ಅವನ ಪಾದದಿಂದ ಮೀನಖಂಡಕ್ಕೆ ಬಂದಿತ್ತು. ನಾನು ರಟ್ಟೆ ಹಿಡಿದು ಎಳೆದೆ. ಎಲ್ಲರೂ ಒಬ್ಬರನ್ನೊಬ್ಬರು ಎಳೆಯುತ್ತ ಮೇಲೇರಿದೆವು. ತಿರುಗಿ ನೋಡಿದಾಗ ಅವರು ಕೂತಿದ್ದ ಜಾಗದಲ್ಲಿ ನದಿಯಿತ್ತು. ದೀಪ ಹಚ್ಚುವ ಹೊತ್ತಿಗೆ ಮಾರುತಿಯ ಸೊಂಟ ಮುಳುಗಿತು. ರಾತ್ರಿ ಹೋಳಿಗೆಯನ್ನು ಯಾರೂ ಮುಟ್ಟಲಿಲ್ಲ.

ಮಾಲೀಕರಿಗೆ ಫೋನ್ ಮಾಡಿ ಕೂಗಾಡಿದೆ. "ಏನೂ ಆಗಿಲ್ಲಲ್ರಿ, ಮತ್ಯಾಕ?" ಎಂದರು. ಪುಸ್ತಕವನ್ನು ಇಂದಿಗೂ ಬಸ್ಸುಗಳಲ್ಲಿ ಹಂಚುತ್ತಿದ್ದಾರೆ. ಊರ ಕಡೆ ಇದನ್ನು ಓದುವವರಲ್ಲಿ ಯಾರ ಬಳಿಯಾದರೂ ಅದಿದ್ದರೆ, ದಯವಿಟ್ಟು ನನ್ನ ಹೆಸರನ್ನು ನಂಬಬೇಡಿ. ಮಾರುತಿಗೆ ಎಲ್ಲಿಯವರೆಗೆ ಎಂದು ಹೂವಿನವರನ್ನು ಕೇಳಿ. ಮಳೆಗಾಲದಲ್ಲಿ ನನಗೆ ನಿದ್ದೆ ಹತ್ತುವುದಿಲ್ಲ. ನೀರು ಏರಿದರೆ ಇಲ್ಲಿ ಹೆದರುತ್ತೇನೆ, ಮಾವಶಿಯ ಕೊಡ ತುಂಬುತ್ತದೆಂದು ಹಿಗ್ಗುತ್ತೇನೆ. ಎರಡೂ ನಿಜ.

ಮೊನ್ನೆ ಪಂಚಮಿಗೆ ಬೀದರಿಗೆ ಹೋಗಿದ್ದೆ. ಅಂಗಳದಲ್ಲಿ ಎಲ್ಲರೂ ಹರಟುತ್ತ ಕೂತಿದ್ದೆವು. ಮೇಲೆ ತೊಳೆದಿಟ್ಟಂಥ ನೀಲಿ ಆಕಾಶ. ನನಗೆ ತಡೆಯಲಾಗಲಿಲ್ಲ. "ಮ್ಯಾಲ ಎಲ್ಲಿ ಮಳಿ ಆಗ್ಲಿಕತ್ತದ?" ಎಂದು ಕೇಳಿಬಿಟ್ಟೆ.

"ಈಕಿ ಇನ್ನ ನಮ್ಮೂರಾಕಿ ಅಲ್ಲ ಬಿಡ್ರಿ," ಎಂದು ಎಲ್ಲರೂ ನಕ್ಕರು.

ಅಣ್ಣ ನಗಲಿಲ್ಲ. ಎದ್ದು ಹೋಗಿ, ಬಾಗಿಲಿನ ಹೊರಗಿದ್ದ ಚಪ್ಪಲಿಗಳನ್ನೆಲ್ಲ ಎತ್ತಿ ಒಳಗಿಟ್ಟ.