ಅವ್ವನಿಗೆ ಉಡಿ ತುಂಬಿ ಕಳಿಸಿದ ಮಿಲ್ಲು

ನಾನಾಗ ಗಡಿಯಾಚೆ ಆಂಧ್ರದ ಆದೋನಿಯಲ್ಲಿ ಬಿ.ಕಾಂ. ಎರಡನೇ ವರ್ಷ ಓದುತ್ತಿದ್ದೆ. ನಮಗೆ ವ್ಯಾಪಾರ ಕಾನೂನು ಕಲಿಸಲು ಒಬ್ಬ ಲಾಯರ್ ಮೇಡಂ ಬರುತ್ತಿದ್ದರು. ಬೆಳಿಗ್ಗೆ ಮೊದಲ ಪಿರಿಯಡ್ ಮುಗಿಸಿ ಕೋರ್ಟಿಗೆ ಹೋಗುವರು. ಕೆಲಸ ಕಳೆದುಕೊಂಡವರದು, ಮುನ್ಸಿಪಾಲ್ಟಿಯವರು ಎಬ್ಬಿಸಿದ ತಳ್ಳುಬಂಡಿಯವರದು, ಇಂಥವೇ ಅವರ ಕೇಸುಗಳು. ಪಾಠ ತೆಲುಗಿನಲ್ಲಿ ಶುರುವಾಗಿ ಕನ್ನಡದಲ್ಲಿ ಮುಗಿಯುತ್ತಿತ್ತು. ಪರೀಕ್ಷೆ ಮಾತ್ರ ಇಂಗ್ಲಿಷಿನಲ್ಲಿ.

ನಮ್ಮವ್ವ ಈರಮ್ಮ ಹತ್ತಿ ಮಿಲ್ಲಿನಲ್ಲಿ ಹತ್ತಿಯೊಳಗಿನ ಕಸ ಆರಿಸುವ ಕೂಲಿಗೆ ಹೋಗುತ್ತಿದ್ದಳು. ಇದನ್ನು ಕಾಲೇಜಿನಲ್ಲಿ ನಾನು ಯಾರಿಗೂ ಹೇಳಿರಲಿಲ್ಲ. ನನ್ನ ಬೆಂಚಿನ ಹಿಂದೆ ಮುಂದೆ ಹತ್ತಿ ವ್ಯಾಪಾರಸ್ಥರ ಮಕ್ಕಳೇ ಕೂಡುತ್ತಿದ್ದರು.

ಆ ಮಿಲ್ಲಿನಲ್ಲೊಂದು ಪದ್ಧತಿ ಇತ್ತು. ಸೀಜನ್ ಮುಗಿದಾಗ ಮೇಸ್ತ್ರಿಯ ಹೆಂಡತಿ ಕೆಲಸದ ಹೆಂಗಸರಿಗೆಲ್ಲ ಉಡಿ ತುಂಬಿ, ಕುಪ್ಪಸದ ಕಣ ಕೊಟ್ಟು ಕಳಿಸುವಳು. ಸೀಜನ್ ನಡುವೆ ಒಬ್ಬಳಿಗೇ ತುಂಬಿದರೆ, ನಾಳೆಯಿಂದ ಬರಬೇಡ ಎಂದರ್ಥ. ಯಾರೂ ಮಾತಿನಲ್ಲಿ ಹೇಳುವುದಿಲ್ಲ. ಹೆಂಗಸರೂ ಕಣ್ಣಿಗೊತ್ತಿಕೊಂಡು ಹೊರಟುಬಿಡುವರು. ತುಂಬಿದ ಉಡಿಯನ್ನು ಒಲ್ಲೆ ಎನ್ನಲು ಯಾರಿಗೆ ತಾನೇ ಮನಸ್ಸು ಬರುತ್ತದೆ?

ಆ ವರ್ಷ ಹತ್ತಿ ಇನ್ನೂ ಗಾಡಿಗಟ್ಟಲೆ ಬರುತ್ತಿತ್ತು. ಹೆಂಗಸರ ಪಾಯಖಾನೆಗೆ ಯಾಕೆ ಬೀಗ ಹಾಕಿದ್ದೀರಿ ಎಂದು ಅವ್ವ ಕೇಳಿದಳು. ಮರುದಿನ ಮಧ್ಯಾಹ್ನಕ್ಕೇ ಉಡಿಯಲ್ಲಿ ಅಕ್ಕಿ, ತೆಂಗಿನಕಾಯಿ ಕಟ್ಟಿಕೊಂಡು ಮನೆಗೆ ಬಂದಳು. ಆ ಕೂಲಿ ನಿಂತರೆ ನನ್ನ ಓದೂ ನಿಲ್ಲುತ್ತದೆಂದು ಇಬ್ಬರಿಗೂ ಗೊತ್ತಿತ್ತು.

ಮರುದಿನ ಪಾಠ ಮುಗಿಸಿ ಮೇಡಂ ಎಂದಿನಂತೆ, “ಏನಾರ ಕೇಳೋದೈತೇನ್ರಪಾ?” ಎಂದರು. ನಾನು ಎದ್ದು ನಿಂತೆ.

“ಮೇಡಂ, ಉಡಿ ತುಂಬಿ ಕಳಿಸಿದ್ರ ಅದು ಕೆಲಸದಿಂದ ತೆಗದಂಗೇನ್ರಿ?”

“ಇದು ಕಾನೂನಿನ ಪಿರಿಯಡ್ಡೋ, ಸೀಮಂತದ್ದೋ?” ಎಂದ ಹಿಂದಿನಿಂದ ಒಬ್ಬ. ಕ್ಲಾಸೆಲ್ಲ ನಕ್ಕಿತು. ಮೇಡಂ ನಗಲಿಲ್ಲ.

“ಯಾರಿಗೆ ತುಂಬ್ಯಾರವ್ವ?”

“ನಮ್ಮವ್ವಗ್ರಿ. ಮಿಲ್ಲಿನಾಗ ಕೂಲಿ ಮಾಡ್ತಾಳ್ರಿ.”

ನಗು ನಿಂತಿತು. ನನ್ನ ಕಿವಿ ಬಿಸಿಯಾದವು. ಮೇಡಂ ಪುಸ್ತಕ ಮುಚ್ಚಿ, “ಕೋರ್ಟಿಗೆ ಇನ್ನೂ ಹೊತ್ತೈತಿ. ನಡಿ, ಅವ್ವನ್ನ ಕರಕೊಂಡು ಹೋಗೋಣು” ಎಂದರು.

“ದೊಡ್ಡವರ ಕೂಡ ಜಗಳ ಯಾಕ ಬೇಕ್ರಿ?” ಎನ್ನುತ್ತಲೇ ಅವ್ವ ನಮ್ಮ ಹಿಂದೆ ಬಂದಳು. ಮಿಲ್ಲಿನ ಗೇಟಿನ ಬಳಿ ಮೇಸ್ತ್ರಿ ನಿಂತಿದ್ದ.

“ನಾವೆಲ್ಲಿ ತೆಗದೀವ್ರಿ ಮೇಡಂ? ಗೌರವದಿಂದ ಉಡಿ ತುಂಬೀವಿ.”

“ತೆಗದಿಲ್ಲಾ? ಚಲೋ ಆತು. ಕೆಲಸದ ಹೊತ್ತಾತು, ಒಳಗ ಬಿಡ್ರಿ.”

“ಅದು ಹಂಗಲ್ರಿ...”

“ತೆಗದೀವಿ ಅಂದ್ರ ಯಾಕಂತ ಹೇಳ್ರಿ. ಇಲ್ಲಾಂದ್ರ ಆಕಿನ್ನ ಒಳಗ ಬಿಡ್ರಿ. ಎರಡರಾಗ ಒಂದು.”

ಮೇಸ್ತ್ರಿ ಬೆವರು ಒರೆಸಿಕೊಂಡ. ಅಷ್ಟು ಹೊತ್ತು ತಲೆ ತಗ್ಗಿಸಿ ನಿಂತಿದ್ದ ಅವ್ವ ಮೆಲ್ಲಗೆ ಬಾಯಿ ತೆಗೆದಳು: “ತೌರಮನ್ಯಾಗ ಉಡಿ ತುಂಬಿದ್ರ ಮಗಳು ಮತ್ತ ಬರಬಾರದು ಅಂತ ಎಲ್ಲೈತಿ, ಮೇಸ್ತ್ರಣ್ಣ?”

ಒಳಗೆ ಹತ್ತಿ ರಾಶಿಯ ಬಳಿ ಕೂತಿದ್ದ ಹೆಂಗಸರು ಕಿಸಕ್ಕನೆ ನಕ್ಕರು. ಮೇಸ್ತ್ರಿ ಮಿಲ್ಲಿನ ಸಾಹುಕಾರರಿಗೆ ಫೋನ್ ಹಚ್ಚಿದ. ಅವರೇನಂದರೋ, “ಆಯ್ತ್ರಿ, ಆಯ್ತ್ರಿ” ಎಂದು ಗೇಟ್ ತೆರೆದ. “ನಿನ್ನ ಬಾಯಿಗೆ ಅಂಜೇ ಉಡಿ ತುಂಬಿಸಿದ್ವಿ ಈರಮ್ಮ. ಹೋಗವ್ವ ತಾಯಿ, ಒಳಗ ಹೋಗು.”

ಪಾಯಖಾನೆಯ ಬೀಗ ತೆಗೆಸಲು ಮೇಡಂ ಮತ್ತೊಮ್ಮೆ ಬರಬೇಕಾಯಿತು. ಅದನ್ನೂ ತೆಗೆಸಿದರು.

ಕೆಲಸಕ್ಕೆ ಮರಳಿದ ದಿನ ಸಂಜೆ ಅವ್ವ ಕೂದಲಿನಲ್ಲಿ ಹತ್ತಿ ಎಳೆ ಮೆತ್ತಿಕೊಂಡೇ ಹೊಸ್ತಿಲಲ್ಲಿ ಕೂತು, “ಆ ಮೇಡಂನಂಗ ಕರೀ ಕೋಟು ಹಾಕ್ಕೋ ಅಂತ ನಾ ಅನ್ನಂಗಿಲ್ಲ. ಆಕಿನಂಗ ಕೇಳೋದು ಕಲಿ” ಎಂದಳು.

ಈಗ ಆ ಮಿಲ್ಲು ಮುಚ್ಚಿದೆ, ಮೇಡಂ ಪಾಠ ಬಿಟ್ಟಿದ್ದಾರೆ. ಆ ಬೆಳಗಿನ ಪಿರಿಯಡ್ಡುಗಳು ನೆನಪಾದರೆ ಮತ್ತೆ ಆ ಬೆಂಚಿನಲ್ಲಿ ಹೋಗಿ ಕೂಡಬೇಕೆನಿಸುತ್ತದೆ. ನಮ್ಮ ಮನೆತನದಲ್ಲಿ ಮೊದಲು ಡಿಗ್ರಿ ಮುಗಿಸಿದವಳು ನಾನೇ. ಅದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಇವತ್ತಿಗೂ ಆಫೀಸಿನಲ್ಲಿ ದೊಡ್ಡವರು ನಗುನಗುತ್ತ ನಯವಾಗಿ ಏನಾದರೂ ಹೇಳಿ ಸಾಗಹಾಕಲು ನೋಡಿದರೆ, “ಹಂಗಂದ್ರ ಏನ್ರಿ?” ಎಂದು ಕೇಳುವಾಗ ನನ್ನ ಎದೆ ಡವಗುಟ್ಟುತ್ತದೆ. ಆದರೂ ಕೇಳುತ್ತೇನೆ.